ಎಳೆ ಎಣಿಸಿದವರು: ಜೀವದ ಲಿಪಿಯನ್ನು ಮೊದಲು ಓದಿದ ಕಥೆ

ಸಂಜೆ ಐದಾದರೆ ಧಾರವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಅವ್ವ ಕಸೂತಿ ಹಿಡಿದು ಕೂರುತ್ತಾಳೆ. ಕಪ್ಪು ಚಂದ್ರಕಾಳಿ ಸೀರೆ, ಅದರ ಮೇಲೆ ಬಿಳಿ ಮತ್ತು ಕೆಂಪು ದಾರದ ತೇರು. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಒಂದು ಗೀರೂ ಇರುವುದಿಲ್ಲ. ಎಳೆ ಎಣಿಸಬೇಕು, ಸೂಜಿ ಇಳಿಸಬೇಕು, ಅಷ್ಟೇ. ಹೊಲಿಗೆಗಳು ನಾಲ್ಕೇ: ಗವಂತಿ, ಮುರಗಿ, ನೇಗಿ, ಮೆಂತಿ. ಆನೆ, ನವಿಲು, ಗೋಪುರ, ತುಳಸಿ ಕಟ್ಟೆ, ತೊಟ್ಟಿಲು ಎಲ್ಲ ಈ ನಾಲ್ಕರಲ್ಲೇ ಮೂಡಬೇಕು.

ಕಳೆದ ತಿಂಗಳು ಒಂದು ಸಂಜೆ ಅವ್ವ ಅರ್ಧ ತೇರನ್ನು ಬಿಚ್ಚುತ್ತಾ ಕೂತಿದ್ದಳು. ನೋಡಿದರೆ ನನಗೇನೂ ತಪ್ಪು ಕಾಣಲಿಲ್ಲ. ಕೇಳಿದೆ. "ಇಲ್ಲಿ ಒಂದ್ ಎಳಿ ಜಾಸ್ತಿ ಬಿಟ್ಟೇನಿ. ಇಲ್ಲಿಂದ ಮುಂದಿಂದೆಲ್ಲಾ ಸರದೈತಿ" ಅಂದಳು. ಬೆರಳಿಟ್ಟು ತೋರಿಸಿದಾಗಲೇ ಗೊತ್ತಾಯಿತು. ತಪ್ಪು ಒಂದೇ ಜಾಗದಲ್ಲಿತ್ತು. ಅದರ ಮುಂದಿನ ಹೊಲಿಗೆಗಳೆಲ್ಲ ಸರಿಯಾಗಿಯೇ ಇದ್ದವು, ಆದರೆ ಒಂದೂ ತನ್ನ ಜಾಗದಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಿಯುಸಿ ತರಗತಿಯಲ್ಲಿ ನಾನು ಕೋಡಾನ್ ಪಟ್ಟಿ ಕಲಿಸಬೇಕಿತ್ತು. ಜೀವಶಾಸ್ತ್ರ ಓದಿದವರಿಗೆಲ್ಲ ಗೊತ್ತು ಈ ಪಟ್ಟಿ: ಅರವತ್ತನಾಲ್ಕು ಮನೆ, ಪ್ರತಿ ಮನೆಯಲ್ಲೂ ಮೂರಕ್ಷರ, ಪಕ್ಕದಲ್ಲಿ ಒಂದು ಅಮೈನೋ ಆಮ್ಲದ ಹೆಸರು. ಪಟ್ಟಿ ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಈ ಪಟ್ಟಿ ಇಲ್ದಾಗ ಮೊದಲನೇದವರು ಇದನ್ನ ಹೆಂಗ ಓದಿದ್ರು?"

ನಾನು ವಿದ್ಯಾರ್ಥಿಯಾಗಿದ್ದಾಗ ನಮಗೆ ಈ ಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಯಾರು ಮಾಡಿದ್ದು, ಹೇಗೆ ಮಾಡಿದ್ದು ಅಂತ ಒಂದು ಮಾತೂ ಬರಲಿಲ್ಲ. ನಮಗೂ ಕೇಳಬೇಕು ಅನ್ನಿಸಲಿಲ್ಲ. ಆ ಹುಡುಗಿಗೆ ಅವತ್ತು ಹೇಳಿದ್ದನ್ನೂ, ಗಂಟೆ ಹೊಡೆದಿದ್ದರಿಂದ ಹೇಳಲಾಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಗಟು ಏನು ಅಂತ ತಿಳಿಯಬೇಕು. ನಮ್ಮ ರಕ್ತದ ಹಿಮೋಗ್ಲೋಬಿನ್, ಕೂದಲು, ಜೊಲ್ಲಿನಲ್ಲಿ ಅನ್ನ ಕರಗಿಸುವ ಎಂಜೈಮು, ಇವೆಲ್ಲ ಪ್ರೋಟೀನುಗಳು. ಪ್ರೋಟೀನ್ ಅಂದರೆ ಮಣಿಸರ. ಮಣಿಗಳು ಇಪ್ಪತ್ತು ಬಗೆ, ಅವುಗಳಿಗೆ ಅಮೈನೋ ಆಮ್ಲ ಅಂತ ಹೆಸರು. ಯಾವ ಮಣಿಯ ಪಕ್ಕ ಯಾವ ಮಣಿ ಬರಬೇಕು ಅನ್ನುವ ಲೆಕ್ಕ ಡಿಎನ್‌ಎಯಲ್ಲಿ ಬರೆದಿರುತ್ತದೆ. ಡಿಎನ್‌ಎಯ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಹೊಲದ ದಫ್ತರ ತಲಾಟಿ, ಅಂದರೆ ಊರಿನ ಲೆಕ್ಕಿಗರ ಕಚೇರಿಯಲ್ಲೇ ಇರುತ್ತದೆ. ಅದನ್ನು ಮನೆಗೆ ಒಯ್ಯಲು ಯಾರೂ ಬಿಡುವುದಿಲ್ಲ. ನಮಗೆ ಬೇಕಾದ ಸರ್ವೆ ನಂಬರಿನ ಉತಾರ, ಅಂದರೆ ನಕಲು ಮಾತ್ರ ತೆಗೆದುಕೊಂಡು ಬರುತ್ತೇವೆ. ಡಿಎನ್‌ಎ ಆ ದಫ್ತರ. ಆರ್‌ಎನ್‌ಎ ಅನ್ನುವುದು ಉತಾರ. ಜೀವಕೋಶದಲ್ಲಿ ಈ ಉತಾರ ಓದಿ ಮಣಿ ಪೋಣಿಸುವ ಪುಟ್ಟ ಯಂತ್ರಗಳಿವೆ, ಅವು ರೈಬೋಸೋಮುಗಳು. ಉತಾರದ ಬರವಣಿಗೆಯಲ್ಲಿ ಒಂದೇ ವ್ಯತ್ಯಾಸ: ಟಿ ಇರುವ ಕಡೆ ಯು ಬರುತ್ತದೆ.

1953ರಲ್ಲಿ ಡಿಎನ್‌ಎ ಎರಡೆಳೆಯ ಸುರುಳಿ ಅಂತ ಗೊತ್ತಾಯಿತು. ವಾಟ್ಸನ್ ಮತ್ತು ಕ್ರಿಕ್ ಅವರ ಹೆಸರು ಎಲ್ಲರ ಬಾಯಲ್ಲಿದೆ. ಆ ಮಾದರಿಗೆ ಆಧಾರವಾದ ಎಕ್ಸ್‌ರೇ ಚಿತ್ರ ರೋಸಲಿಂಡ್ ಫ್ರ್ಯಾಂಕ್ಲಿನ್ ಅವರ ಪ್ರಯೋಗಾಲಯದ್ದು. ಅವರು 1958ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡರು. ಆದರೆ ಆಕಾರ ತಿಳಿದ ಮಾತ್ರಕ್ಕೆ ಬರಹ ಓದಲು ಬರುವುದಿಲ್ಲ, ಅಲ್ವಾ? ಶಾಸನದ ಕಲ್ಲು ಸಿಕ್ಕಿತ್ತು. ಲಿಪಿ ಯಾರಿಗೂ ಗೊತ್ತಿರಲಿಲ್ಲ.

ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಒಂದು ಲೆಕ್ಕ ಮುಂದಿಟ್ಟರು. ಒಂದಕ್ಷರಕ್ಕೆ ಒಂದು ಮಣಿ ಅಂದರೆ ನಾಲ್ಕೇ ಮಣಿ ಆಗುತ್ತವೆ. ಎರಡಕ್ಷರ ಸೇರಿದರೆ ನಾಲ್ಕು ನಾಲ್ಕಲೆ ಹದಿನಾರು. ಇಪ್ಪತ್ತಕ್ಕೆ ಸಾಲದು. ಮೂರಕ್ಷರ ಅಂದರೆ ಅರವತ್ತನಾಲ್ಕು, ಬೇಕಾದಷ್ಟಾಯಿತು. ಈ ಒಗಟು ಬಿಡಿಸಲು ಅವರು 1954ರಲ್ಲಿ ಇಪ್ಪತ್ತು ಸದಸ್ಯರ ಒಂದು ಕ್ಲಬ್ ಕಟ್ಟಿದರು. ಒಬ್ಬೊಬ್ಬರಿಗೆ ಒಂದೊಂದು ಅಮೈನೋ ಆಮ್ಲದ ಹೆಸರು, ಕೊರಳಿಗೆ ಕಸೂತಿ ಹಾಕಿದ ಟೈ. ಎಲ್ಲರೂ ಬುದ್ಧಿವಂತರು. ಕಾಗದದ ಮೇಲೆ ಚಂದ ಚಂದದ ಊಹೆಗಳನ್ನು ಮಾಡಿದರು. ಆದರೆ ಲಿಪಿಯ ಮೊದಲ ಪದ ಬಿಡಿಸಿದವರು ಆ ಕ್ಲಬ್ಬಿನಲ್ಲಿ ಇರಲೇ ಇಲ್ಲ.

ಮೂರಕ್ಷರ ಅನ್ನುವುದನ್ನು ಪ್ರಯೋಗದಿಂದ ತೋರಿಸಿದ್ದು 1961ರಲ್ಲಿ, ಕೇಂಬ್ರಿಜ್‌ನಲ್ಲಿ. ಕ್ರಿಕ್, ಸಿಡ್ನಿ ಬ್ರೆನ್ನರ್ ಮತ್ತು ಜೊತೆಗಾರರು ಬ್ಯಾಕ್ಟೀರಿಯಾಕ್ಕೆ ಅಂಟುವ ಒಂದು ವೈರಸ್ಸನ್ನು ತೆಗೆದುಕೊಂಡರು. ಒಂದು ಬಣ್ಣದ ರಾಸಾಯನಿಕ ಬಳಸಿ ಅದರ ಡಿಎನ್‌ಎಯಲ್ಲಿ ಅಕ್ಷರಗಳು ಸೇರುವ ಹಾಗೆ, ಇಲ್ಲವೇ ಬಿಟ್ಟುಹೋಗುವ ಹಾಗೆ ಮಾಡಿದರು. ಅವರು ಕಂಡದ್ದು ಏನು ಅಂತ ಕನ್ನಡದಲ್ಲೇ ನೋಡೋಣ. ಮೂರು ಮೂರು ಅಕ್ಷರದ ಪದಗಳ ಒಂದು ಸಾಲು:

ಕಮಲ ಅವಳ ಮಗಳು ಬಹಳ ಚುರುಕು

ಜೀವಕೋಶದ ಬರಹದಲ್ಲಿ ಪದಗಳ ನಡುವೆ ಜಾಗ ಇರುವುದಿಲ್ಲ. ಮೊದಲಿನಿಂದ ಮೂರು ಮೂರು ಎಣಿಸಿಕೊಂಡು ಹೋಗಬೇಕು. ಈಗ 'ಕ' ಆದಮೇಲೆ ಒಂದು 'ಸ' ಸುಮ್ನೆ ಸೇರಿಸಿ, ಮತ್ತೆ ಎಣಿಸಿ:

ಕಸಮ ಲಅವ ಳಮಗ ಳುಬಹ ಳಚುರು ಕು

ಪೂರ್ತಿ ಕೆಟ್ಟಿತು. ಎರಡು 'ಸ' ಸೇರಿಸಿದರೂ ಕೆಡುತ್ತದೆ. ಮೂರು ಸೇರಿಸಿ ನೋಡಿ:

ಕಸಸ ಸಮಲ ಅವಳ ಮಗಳು ಬಹಳ ಚುರುಕು

ಆರಂಭ ಕೆಟ್ಟರೂ ಮುಂದಿನದು ದಾರಿಗೆ ಬಂತು. ವೈರಸ್ಸಿನಲ್ಲೂ ಹೀಗೇ ಆಯಿತು. ಒಂದು ಅಕ್ಷರ ಹೆಚ್ಚಾದರೆ ಜೀನು, ಅಂದರೆ ಒಂದು ಲೆಕ್ಕ ಬರೆದಿರುವ ಡಿಎನ್‌ಎಯ ಭಾಗ, ಕೆಲಸ ನಿಲ್ಲಿಸಿತು, ಎರಡಾದರೂ ಅಷ್ಟೇ. ಹತ್ತಿರ ಹತ್ತಿರ ಮೂರು ಸೇರಿದರೆ ಮತ್ತೆ ಕೆಲಸ ಮಾಡಿತು. ಅಂದರೆ ಎಣಿಕೆ ಮೂರರದೇ. ಅವ್ವ ಒಂದೆಳೆ ಜಾಸ್ತಿ ಬಿಟ್ಟು ಅರ್ಧ ತೇರು ಬಿಚ್ಚಿದ್ದು ನನಗೆ ಹಲಗೆಯ ಮುಂದೆ ನೆನಪಾದದ್ದು ಇಲ್ಲೇ.

ಎಣಿಕೆ ಮೂರರದು ಅಂತಾಯಿತು. ಆದರೆ ಯಾವ ಮೂರಕ್ಷರ ಯಾವ ಮಣಿಗೆ? ಇದನ್ನು ಯೋಚಿಸಿ ಹೇಳಲು ಬರುವುದಿಲ್ಲ. ಬರಹ ಕೊಟ್ಟು ಯಂತ್ರದಿಂದಲೇ ಓದಿಸಬೇಕು.

ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಅನ್ನುವ, ಆಗ ಅಷ್ಟೇನೂ ಹೆಸರಿಲ್ಲದ ಯುವಕ ಮತ್ತು ಜರ್ಮನಿಯಿಂದ ಬಂದಿದ್ದ ಹೈನ್ರಿಖ್ ಮಾಥೈ ಇದಕ್ಕೆ ಕೈ ಹಾಕಿದರು. ಬ್ಯಾಕ್ಟೀರಿಯಾಗಳನ್ನು ಅರೆದು ರಸ ತೆಗೆದರು. ಜೀವಕೋಶ ಒಡೆದಿದ್ದರೂ ಆ ರಸದಲ್ಲಿ ರೈಬೋಸೋಮುಗಳು ಇನ್ನೂ ಕೆಲಸ ಮಾಡುತ್ತಿದ್ದವು. ಅದಕ್ಕೆ ಬರೀ ಯು ಅಕ್ಷರವೇ ಇರುವ ಆರ್‌ಎನ್‌ಎ ಹಾಕಿದರು: ಯು-ಯು-ಯು-ಯು, ಹೀಗೇ ಉದ್ದಕ್ಕೆ. 1961ರ ಮೇ 27ರ ಬೆಳಗಿನ ಜಾವ ಮಾಥೈಗೆ ಉತ್ತರ ಸಿಕ್ಕಿತು. ಇಪ್ಪತ್ತು ಮಣಿಗಳಲ್ಲಿ ಫಿನೈಲ್‌ಅಲನೀನ್ ಒಂದೇ ಸರವಾಗಿ ಪೋಣಿಸಿಕೊಂಡಿತ್ತು. ಯು-ಯು-ಯು ಅಂದರೆ ಫಿನೈಲ್‌ಅಲನೀನ್. ಮೊದಲ ಪದ ಓದಿದಂತಾಯಿತು.

ಆ ಆಗಸ್ಟ್‌ನಲ್ಲಿ ಮಾಸ್ಕೋದ ಸಮ್ಮೇಳನದಲ್ಲಿ ನಿರೆನ್‌ಬರ್ಗ್ ಇದನ್ನು ಹೇಳಿದಾಗ ಸಣ್ಣ ಕೋಣೆಯಲ್ಲಿ ಕೇಳುವವರು ಬೆರಳೆಣಿಕೆಯಷ್ಟೇ ಇದ್ದರು. ವಿಷಯ ತಿಳಿದ ಕ್ರಿಕ್, ದೊಡ್ಡ ಸಭೆಯಲ್ಲಿ ಅವರಿಂದ ಮತ್ತೊಮ್ಮೆ ಮಾತಾಡಿಸಿದರು. ಅಲ್ಲಿಂದ ಎಲ್ಲರೂ ಈ ಕೆಲಸದ ಹಿಂದೆ ಬಿದ್ದರು. ರಾತ್ರಿಯೆಲ್ಲ ಎಚ್ಚರವಿದ್ದು ಪ್ರಯೋಗ ಮಾಡಿದ ಮಾಥೈಗೆ ಮುಂದೆ ನೊಬೆಲ್ ಬರಲಿಲ್ಲ. ಆರ್‌ಎನ್‌ಎ ಹೆಣೆಯುವ ಎಂಜೈಮನ್ನು 1955ರಲ್ಲಿ ಕಂಡುಹಿಡಿದ ಮರಿಯಾನ್ ಗ್ರುನ್‌ಬರ್ಗ್-ಮನಾಗೊ ಅವರಿಗೂ ಬರಲಿಲ್ಲ. ಆ ಎಂಜೈಮು ಇಲ್ಲದಿದ್ದರೆ ಯು-ಯು-ಯು ಉತಾರ ಇರುತ್ತಲೇ ಇರಲಿಲ್ಲ. ಇವರಿಬ್ಬರ ಹೆಸರನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ.

ಆದರೆ ಆ ಎಂಜೈಮಿಗೊಂದು ಮಿತಿ ಇತ್ತು. ಎರಡು ಮೂರು ಬಗೆಯ ಅಕ್ಷರ ಕೊಟ್ಟರೆ ಅದು ಮನಸ್ಸಿಗೆ ಬಂದ ಹಾಗೆ ಪೋಣಿಸುತ್ತಿತ್ತು. ಯಾವುದರ ಪಕ್ಕ ಯಾವುದು ಬಂತು ಅಂತ ಗೊತ್ತಾಗುತ್ತಿರಲಿಲ್ಲ. ಲಿಪಿ ಓದಬೇಕಾದರೆ, ಮೊದಲು ಅದರಲ್ಲಿ ನಮಗೆ ಗೊತ್ತಿರುವ ಸಾಲನ್ನು ತಪ್ಪಿಲ್ಲದೆ ಬರೆಯಲು ಬರಬೇಕು. ಅದು ಬರುತ್ತಿದ್ದದ್ದು ಹರಗೋಬಿಂದ ಖೊರಾನಾ ಅವರಿಗೆ.

ಖೊರಾನಾ ಹುಟ್ಟಿದ್ದು 1922ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ರಾಯ್‌ಪುರ ಅನ್ನುವ ಹಳ್ಳಿಯಲ್ಲಿ. ನೂರು ಜನರ ಊರು. ಅಪ್ಪ ಪಟವಾರಿ, ಅಂದರೆ ನಮ್ಮ ಕಡೆಯ ತಲಾಟಿ. ಊರಲ್ಲಿ ಓದು ಬರಹ ಬರುತ್ತಿದ್ದದ್ದು ಹೆಚ್ಚುಕಡಿಮೆ ಅವರ ಮನೆಯವರಿಗೆ ಮಾತ್ರ. ಮೊದಲ ನಾಲ್ಕು ವರ್ಷದ ಶಾಲೆ ಮರದ ಕೆಳಗೆ ನಡೆಯಿತು. ಲಾಹೋರಿನಲ್ಲಿ ಎಂಎಸ್ಸಿ ಮುಗಿಸಿ, 1945ರಲ್ಲಿ ಸರ್ಕಾರದ ಫೆಲೋಶಿಪ್ ಮೇಲೆ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋದರು. 1948ರಲ್ಲಿ ಪಿಎಚ್‌ಡಿ ಆಯಿತು. 1949ರಲ್ಲಿ ಸ್ವಲ್ಪ ದಿನ ಭಾರತಕ್ಕೆ ಬಂದಿದ್ದರು. ಇಲ್ಲಿ ಸರಿಯಾದ ಕೆಲಸ ಸಿಗಲಿಲ್ಲ, ಮತ್ತೆ ಇಂಗ್ಲೆಂಡಿಗೆ ಹೊರಟರು. ಅಲ್ಲಿಂದ 1952ರಲ್ಲಿ ಕೆನಡಾದ ವ್ಯಾಂಕೂವರ್, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್. 1949ರಲ್ಲಿ ಬಂದಾಗ ಇಲ್ಲಿ ಒಂದು ಪ್ರಯೋಗಾಲಯ ಸಿಕ್ಕಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅವರ ಕೆಲಸದ ಸೂಕ್ಷ್ಮವನ್ನು ನಿಧಾನವಾಗಿ ನೋಡಬೇಕು. ಡಿಎನ್‌ಎಯ ಒಂದೊಂದು ಅಕ್ಷರವೂ ಒಂದು ಅಣು. ಆ ಅಣುವಿಗೆ ಹಲವು ಕೈಗಳು. ಎರಡು ಅಕ್ಷರಗಳನ್ನು ಸುಮ್ನೆ ಒಂದೇ ಗಾಜಿನ ಪಾತ್ರೆಗೆ ಹಾಕಿದರೆ ಯಾವ ಕೈ ಯಾವ ಕೈಯನ್ನು ಹಿಡಿಯುತ್ತದೋ ಹೇಳಲಾಗದು. ಖೊರಾನಾ ಮಾಡಿದ್ದೇನೆಂದರೆ, ಬೇಡದ ಕೈಗಳಿಗೆಲ್ಲ ಒಂದೊಂದು ಚೀಲ ತೊಡಿಸಿದರು. ಸೇರಬೇಕಾದ ಕೈ ಮಾತ್ರ ಹೊರಗೆ. ಎರಡು ಅಕ್ಷರ ಸೇರಿದ ಮೇಲೆ, ಮುಂದಿನ ಅಕ್ಷರ ಹಿಡಿಯಬೇಕಾದ ಕೈಯ ಚೀಲವನ್ನಷ್ಟೇ ಕಳಚಬೇಕು. ಉಳಿದವು ಹಾಗೇ ಇರಬೇಕು. ತೊಡಿಸು, ಸೇರಿಸು, ತೊಳೆ, ಕಳಚು. ಮತ್ತೆ ತೊಡಿಸು. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಪದಾರ್ಥ ನಷ್ಟವಾಗುತ್ತಿತ್ತು. ಹಾಗಾಗಿ ಮೊದಲೇ ಹೆಚ್ಚು ಪದಾರ್ಥ ಇಟ್ಟುಕೊಂಡು ಶುರು ಮಾಡಬೇಕಿತ್ತು.

ಹೀಗೆ ಕೈಯಿಂದ ಮಾಡಿದ ಡಿಎನ್‌ಎ ತುಂಡುಗಳನ್ನು ಎಂಜೈಮುಗಳಿಂದ ಉದ್ದ ಮಾಡಿಸಿ, ಅವುಗಳಿಂದ ಆರ್‌ಎನ್‌ಎ ಬರೆಸಿಕೊಂಡರು. ಈಗ ಅವರ ಕೈಯಲ್ಲಿ ಪ್ರತಿ ಅಕ್ಷರವೂ ಗೊತ್ತಿರುವ ಸಾಲುಗಳಿದ್ದವು. ಒಂದು ಸಾಲು ಹೀಗಿತ್ತು: ಯುಸಿಯುಸಿಯುಸಿಯುಸಿ. ಮೂರು ಮೂರಾಗಿ ಎಣಿಸಿ ನೋಡಿ. ಯು-ಸಿ-ಯು, ಆಮೇಲೆ ಸಿ-ಯು-ಸಿ, ಮತ್ತೆ ಯು-ಸಿ-ಯು. ಎರಡೇ ಪದ, ಒಂದಾದ ಮೇಲೊಂದು. ರಸದಲ್ಲಿ ಹಾಕಿದಾಗ ಬಂದ ಮಣಿಸರದಲ್ಲೂ ಎರಡೇ ಮಣಿ, ಸೀರಿನ್, ಲ್ಯೂಸಿನ್, ಸೀರಿನ್, ಲ್ಯೂಸಿನ್. ಮೂರರ ಎಣಿಕೆಗೆ ಇದಕ್ಕಿಂತ ಚಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೊಂದು ಸಾಲು: ಯುಯುಸಿಯುಯುಸಿಯುಯುಸಿ. ಇಲ್ಲಿ ಎಣಿಕೆ ಎಲ್ಲಿ ಶುರುವಾಗುತ್ತದೋ ಅದರ ಮೇಲೆ ಯು-ಯು-ಸಿ, ಯು-ಸಿ-ಯು ಅಥವಾ ಸಿ-ಯು-ಯು ಬರಬೇಕು. ಮೂರು ಬೇರೆ ಬೇರೆ ಸರಗಳು ಸಿಕ್ಕವು. ಒಂದೊಂದು ಸರದಲ್ಲೂ ಒಂದೇ ಬಗೆಯ ಮಣಿ. ಮತ್ತೊಂದು ಸಾಲಿನಲ್ಲಿ ಯು-ಎ-ಎ ಬರುವ ಹಾಗೆ ಬರೆದಾಗ ಸರ ಎರಡು ಮೂರು ಮಣಿಗೇ ತುಂಡಾಯಿತು. ಅದು ಪೂರ್ಣವಿರಾಮ.

ಇದೇ ಹೊತ್ತಿಗೆ, 1964ರಲ್ಲಿ, ನಿರೆನ್‌ಬರ್ಗ್ ಮತ್ತು ಫಿಲಿಪ್ ಲೆಡರ್ ಮೂರೇ ಅಕ್ಷರದ ತುಂಡಿನಿಂದಲೂ ಮಣಿ ಗುರುತಿಸುವ ದಾರಿ ಕಂಡುಕೊಂಡಿದ್ದರು. ಖೊರಾನಾ ತಂಡ ಅರವತ್ತನಾಲ್ಕು ತುಂಡುಗಳನ್ನೂ ಮಾಡಿತು. 1966ರ ಹೊತ್ತಿಗೆ ಪಟ್ಟಿ ಪೂರ್ತಿಯಾಯಿತು. 61 ಪದಗಳು ಮಣಿಗಳಿಗೆ, 3 ಪೂರ್ಣವಿರಾಮಗಳು. 1968ರ ನೊಬೆಲ್ ಖೊರಾನಾ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರಿಗೆ ಬಂತು. ಹಾಲಿ, ಮಣಿಯನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎಯ 77 ಅಕ್ಷರಗಳನ್ನೂ 1965ರಲ್ಲಿ ಓದಿದವರು. ಅದಕ್ಕೆ ಬೇಕಾದ ಒಂದು ಗ್ರಾಂ ಶುದ್ಧ ಪದಾರ್ಥಕ್ಕಾಗಿ ಸುಮಾರು 140 ಕಿಲೋ ಯೀಸ್ಟ್ ಸೋಸಿದ್ದರು.

ಅರವತ್ತೊಂದು ಪದ, ಇಪ್ಪತ್ತು ಮಣಿ. ಉಳಿದವು ಯಾಕೆ ಅಂತ ಮಕ್ಕಳು ಕೇಳುತ್ತಾರೆ. ನಾವು ಉಳ್ಳಾಗಡ್ಡಿ ಅನ್ನುತ್ತೇವೆ, ಬೆಂಗಳೂರಿನವರು ಈರುಳ್ಳಿ ಅನ್ನುತ್ತಾರೆ, ಕರಾವಳಿಯವರು ನೀರುಳ್ಳಿ ಅನ್ನುತ್ತಾರೆ. ಹೆಚ್ಚಿದರೆ ಕಣ್ಣಲ್ಲಿ ನೀರು ಬರುವುದು ಒಂದೇ. ಲ್ಯೂಸಿನ್ ಮಣಿಗೂ ಹೀಗೆ ಆರು ಪದಗಳಿವೆ. ಮಿಥಿಯೋನಿನ್‌ಗೆ ಒಂದೇ. ಈ ಸಮಾನ ಪದಗಳು ಪುಸ್ತಕದೊಳಗಿನ ಮಾತು ಮಾತ್ರ ಅಂತ ತಿಳಿಯಬೇಡಿ. ನಮ್ಮ ಹೊಲಗಳಿಗೂ ಅವು ಬಂದಿವೆ.

ಹಾವೇರಿ, ಧಾರವಾಡದ ಹತ್ತಿಯ ಹೊಲಗಳಲ್ಲಿ ಬೆಳೆಯುವ ಬಿಟಿ ಹತ್ತಿಗೆ ಭಾರತದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅದರಲ್ಲಿರುವ ಕೀಟ ಕೊಲ್ಲುವ ಪ್ರೋಟೀನಿನ ಜೀನು ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾದ ಬರಹವನ್ನು ಗಿಡ ಹೇಗೆ ಓದುತ್ತದೆ? ಲಿಪಿ ಒಂದೇ ಆದ್ದರಿಂದ. ಅಲ್ಲೊಂದು ಇಲ್ಲೊಂದು ಸಣ್ಣ ವ್ಯತ್ಯಾಸ ಬಿಟ್ಟರೆ ಬ್ಯಾಕ್ಟೀರಿಯಾದಿಂದ ಹಿಡಿದು ಹತ್ತಿ, ಎತ್ತು, ನಾವು, ಎಲ್ಲರದ್ದೂ ಇದೇ ಪಟ್ಟಿ. ಆದರೆ ಮೂಲದ ಜೀನನ್ನು ಹಾಗೇ ಹಾಕಿದಾಗ ಗಿಡ ಸರಿಯಾಗಿ ಓದಲಿಲ್ಲ, ಪ್ರೋಟೀನ್ ತೀರಾ ಕಡಿಮೆ ಬಂತು. ಉಳ್ಳಾಗಡ್ಡಿ ಅಂದರೆ ತಡವರಿಸುವವರಿಗೆ ಈರುಳ್ಳಿ ಅಂತ ಬರೆದುಕೊಡುವ ಹಾಗೆ, ಗಿಡಕ್ಕೆ ರೂಢಿಯಾದ ಸಮಾನ ಪದಗಳನ್ನು ಹಾಕಿ ಆ ಜೀನನ್ನು ಹೊಸದಾಗಿ ಬರೆದರು. ಪ್ರೋಟೀನ್ ಹೆಚ್ಚುಕಡಿಮೆ ಅದೇ, ಪದಗಳು ಬೇರೆ. ಮುಂದೆ ಗುಲಾಬಿ ಕಾಯಿಕೊರಕ ಈ ಪ್ರೋಟೀನಿಗೆ ಹೊಂದಿಕೊಂಡಿತು, ರೈತರು ಮತ್ತೆ ಔಷಧಿ ಹೊಡೆಯಬೇಕಾಯಿತು. ಲಿಪಿ ಗೊತ್ತಿದ್ದ ಮಾತ್ರಕ್ಕೆ ಹೊಲದ ಸಮಸ್ಯೆ ಮುಗಿಯುವುದಿಲ್ಲ ಅನ್ನುವುದನ್ನೂ ನಾನು ಮಕ್ಕಳಿಗೆ ಹೇಳಲೇಬೇಕು. ಅವರಲ್ಲಿ ಅರ್ಧಕ್ಕರ್ಧ ಮಂದಿ ಒಕ್ಕಲು ಮನೆಯವರು.

ಕೊರೊನಾ ಕಾಲದಲ್ಲಿ ಪೇಪರಿನಲ್ಲಿ 'ಡಿ614ಜಿ' ಅನ್ನುವ ಹೆಸರು ಓದಿದ ನೆನಪಿದೆಯಾ? ಅದು ಈ ಪಟ್ಟಿಯದೇ ಮಾತು. ವೈರಸ್ಸಿನ ಮುಳ್ಳಿನ ಪ್ರೋಟೀನಿನಲ್ಲಿ 614ನೇ ಮಣಿ ಮೊದಲು ಡಿ, ಅಂದರೆ ಆಸ್ಪಾರ್ಟಿಕ್ ಆಮ್ಲ. ಅದು ಜಿ, ಅಂದರೆ ಗ್ಲೈಸಿನ್ ಆಯಿತು. ಜಿ-ಎ-ಯು ಇದ್ದದ್ದು ಜಿ-ಜಿ-ಯು ಆಯಿತು. ಸುಮಾರು ಮೂವತ್ತು ಸಾವಿರ ಅಕ್ಷರಗಳ ಬರಹದಲ್ಲಿ ಈ ಒಂದು ಅಕ್ಷರ ಬದಲಾದ ವೈರಸ್ಸೇ ಜಗತ್ತಿನಲ್ಲಿ ಜಾಸ್ತಿ ಹರಡಿತು. ಕುಡುಗೋಲು ಕಣ ರೋಗದ ಕಥೆಯೂ ಇಷ್ಟೇ. ಹಿಮೋಗ್ಲೋಬಿನ್ನಿನ ಒಂದು ಸರದಲ್ಲಿ 146 ಮಣಿ. ಆರನೆಯದರ ಪದ ಜಿ-ಎ-ಜಿ ಬದಲು ಜಿ-ಯು-ಜಿ ಆದರೆ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ.

ನೊಬೆಲ್ ಪಡೆದ ಆ ಮೂವರ ಕೆಲಸದಲ್ಲಿ ನನಗೆ ಖೊರಾನಾ ಅವರದ್ದೇ ಮೇಲು ಅನ್ನಿಸುತ್ತದೆ. ಓದುವುದು ಒಮ್ಮೆ ಮುಗಿಯಿತು, ಪಟ್ಟಿ ಪುಸ್ತಕ ಸೇರಿತು. ಅವರು ಬಿಟ್ಟುಹೋದದ್ದು ಬರೆಯುವ ಕಸುಬನ್ನು. ನೊಬೆಲ್ ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಹಾಲಿ ಓದಿದ್ದ ಅದೇ ಪುಟ್ಟ ಆರ್‌ಎನ್‌ಎಯ ಜೀನನ್ನು ಪೂರ್ತಿ ಕೈಯಿಂದ ಕಟ್ಟಿ 1970ರಲ್ಲಿ ಜಗತ್ತಿಗೆ ತಿಳಿಸಿದರು. ಅದಕ್ಕೆ ದೊಡ್ಡ ತಂಡ ವರ್ಷಗಟ್ಟಲೆ ದುಡಿದಿತ್ತು. 1976ರಲ್ಲಿ ಅವರು ಕಟ್ಟಿದ ಇನ್ನೊಂದು ಜೀನು ಬ್ಯಾಕ್ಟೀರಿಯಾದೊಳಗೆ ಕೆಲಸವನ್ನೂ ಮಾಡಿತು. ವ್ಯಾಂಕೂವರಿನಲ್ಲಿ ಅವರ ಜೊತೆ ಕಲಿತ ಮೈಕೆಲ್ ಸ್ಮಿತ್, ಜೀನಿನ ಬೇಕಾದ ಅಕ್ಷರವನ್ನೇ ಬದಲಿಸುವ ವಿಧಾನ ಕಂಡುಹಿಡಿದರು. 1993ರಲ್ಲಿ ಸ್ಮಿತ್ ಜೊತೆ ನೊಬೆಲ್ ಹಂಚಿಕೊಂಡವರು ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್.

ಪಿಸಿಆರ್ ಅಂದರೆ 2020ರಲ್ಲಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ನಮ್ಮ ಮೂಗಿನ ದ್ರವದ ಮೇಲೆ ಮಾಡಿದ ಅದೇ ಪರೀಕ್ಷೆ. ಅದರ ತತ್ವ ಗವಂತಿ ಹೊಲಿಗೆ ಬಲ್ಲವರಿಗೆ ಬೇಗ ತಿಳಿಯುತ್ತದೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತಾರೆ. ಬರುವಾಗ ಬಿಟ್ಟ ಜಾಗಗಳನ್ನೇ ತುಂಬುತ್ತಾರೆ. ಹೋದ ಸಾಲು ಇದ್ದರೆ ಬರುವ ಸಾಲು ಎಲ್ಲಿರಬೇಕು ಅಂತ ತಾನೇ ಗೊತ್ತಾಗುತ್ತದೆ. ಡಿಎನ್‌ಎಯ ಎರಡೆಳೆಗಳೂ ಹಾಗೇ. ಎ ಎದುರು ಟಿ, ಜಿ ಎದುರು ಸಿ. ಬಿಸಿ ಮಾಡಿ ಎಳೆ ಬಿಡಿಸಿದರೆ ಒಂದೊಂದರ ಎದುರೂ ಹೊಸ ಎಳೆ ಬರೆಸಬಹುದು. ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಆದರೆ ಎಲ್ಲಿಂದ ಬರೆಯಬೇಕು ಅಂತ ಎಂಜೈಮಿಗೆ ಗುರುತು ಬೇಕು. ಸುಮಾರು ಇಪ್ಪತ್ತು ಅಕ್ಷರದ ಒಂದು ತುಂಡು ಡಿಎನ್‌ಎಯೇ ಆ ಗುರುತು. ಅದಕ್ಕೆ ಪ್ರೈಮರ್ ಅನ್ನುತ್ತಾರೆ. ಪ್ರೈಮರ್ ಜೀವಿಯಿಂದ ತೆಗೆದದ್ದಲ್ಲ, ರಾಸಾಯನಿಕವಾಗಿ ಕಟ್ಟಿದ್ದು. ಕೈಗೆ ಚೀಲ ತೊಡಿಸಿ, ಸೇರಿಸಿ, ಕಳಚಿ.

ಈಗ ಅದನ್ನು ಯಂತ್ರ ಮಾಡುತ್ತದೆ. ಆ ರಸಾಯನವನ್ನು ಇಂದಿನ ರೂಪಕ್ಕೆ ತಂದ ಮಾರ್ವಿನ್ ಕರೂಥರ್ಸ್ ಕೂಡ ಖೊರಾನಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರೇ. 1960ರ ದಶಕದಲ್ಲಿ ಖೊರಾನಾ ತಂಡ ಹೊಲಿದ ಒಂದು ಬಗೆಯ ಚೀಲವನ್ನು ಇಂದಿನ ಯಂತ್ರಗಳೂ ಬಳಸುತ್ತವೆ. ಅದು ಕಳಚಿ ಬೀಳುವಾಗ ದ್ರವ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಅಳೆದು, ಅಕ್ಷರ ಸರಿಯಾಗಿ ಸೇರಿತೋ ಇಲ್ಲವೋ ಅಂತ ಲೆಕ್ಕ ಹಾಕುತ್ತಾರೆ. ಖೊರಾನಾ 2011ರ ನವೆಂಬರ್ 9ರಂದು ತೀರಿಕೊಂಡರು. ಆ ಕಿತ್ತಳೆ ಬಣ್ಣ ಇವತ್ತಿಗೂ ಎಲ್ಲೋ ಒಂದು ಕಡೆ ಮೂಡುತ್ತಲೇ ಇರುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮೆಣಸಿನಕಾಯಿಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಬ್ಯಾಡಗಿ ತಳಿಗಳನ್ನು ಡಿಎನ್‌ಎಯಿಂದ ಗುರುತಿಸುವ ಕೆಲಸ. ಹೋದ ವಾರ ಅಲ್ಲಿಗೆ ಹೋಗಿದ್ದೆ. "ಸರ್, ಪ್ರೈಮರ್ ಬಂದಾವ, ನೋಡ್ರಿ" ಅಂತ ಕೊರಿಯರ್ ಲಕೋಟೆ ಬಿಚ್ಚಿದಳು. ಒಳಗೆ ಕಿರುಬೆರಳಿನ ತುದಿಯಷ್ಟು ಪ್ಲಾಸ್ಟಿಕ್ ಟ್ಯೂಬು. ಸೋಮವಾರ ಕಂಪ್ಯೂಟರಿನಲ್ಲಿ ಅಕ್ಷರ ಟೈಪ್ ಮಾಡಿ ಕಳಿಸಿದ್ದಳಂತೆ, ಶುಕ್ರವಾರ ಬಂದಿತ್ತು. ಟ್ಯೂಬು ಖಾಲಿ ಇದೆ ಅಂದುಕೊಂಡೆ. ಬೆಳಕಿಗೆ ಹಿಡಿದಾಗ ತಳದಲ್ಲಿ ಮಂಜು ಹಿಡಿದಂತೆ ಸ್ವಲ್ಪ ಬೆಳ್ಳಗೆ ಕಂಡಿತು. "ಹಂಗ ಮುಚ್ಚಳ ತೆಗಿಬ್ಯಾಡ್ರಿ, ಹಾರಿ ಹೋಗ್ತೈತಿ" ಅಂತ ಟ್ಯೂಬನ್ನು ಪುಟ್ಟ ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದಳು. ಚೀಟಿಯ ಮೇಲಿನ ಅಕ್ಷರಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, ತನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದರ ಜೊತೆ ಒಂದೊಂದಾಗಿ ಟಿಕ್ ಹಾಕಿದಳು. ಇಪ್ಪತ್ತೂ ಸರಿ ಇದ್ದವು. ಅಳೆದು ನೀರು ಹಾಕಿ, ಮುಚ್ಚಳದ ಮೇಲೆ ತಾರೀಕು ಬರೆದು, ಫ್ರೀಜರಿನಲ್ಲಿಟ್ಟಳು.